ಕೊಲೆಯ ಒಗಟು ಮತ್ತು ಪಾತ್ರಧಾರಿಯಾದ ಪ್ರೇಕ್ಷಕ

ಅಪರಾಧದ ಕಥೆಯನ್ನು ಓದಿ ಸುಮ್ಮನಾಗದೆ, ತಾನೇ ಆ ಕಥೆಯೊಳಹೊಕ್ಕು ಅಪರಾಧಿಯನ್ನು ಪತ್ತೆಮಾಡಬೇಕೆಂಬ ಆಸೆ ವಾಚಕನಲ್ಲಿ ಮೊಳೆತುದರ ಫಲವಾಗಿ, ಕಳೆದ ಶತಮಾನದಲ್ಲಿ ಒಂದು ವಿಶಿಷ್ಟ ವಿನೋದಪ್ರಕಾರವು ರೂಪುಗೊಂಡಿತು. ಅಭಿಮಾನಿಗಳ ಸಮ್ಮೇಳನಗಳಲ್ಲಿ ಏರ್ಪಡುವ ಕೊಲೆರಹಸ್ಯದ ಭೋಜನಕೂಟವು ಅದರ ಒಂದು ಪರಿಣತ ರೂಪ. ಅತಿಥಿಗಳು ತಮಗೊಪ್ಪಿಸಿದ ಪಾತ್ರದ ವೇಷದಲ್ಲಿ ಊಟಕ್ಕೆ ಕೂಡುವರು. ಅವರಲ್ಲೊಬ್ಬನು ಹತನಾದನೆಂಬ ವಾರ್ತೆ ಬರುವುದು. ಬಡಿಸುವುದರ ನಡುನಡುವೆ ಸುಳಿವುಗಳು ಒಂದೊಂದಾಗಿ ಹೊರಬೀಳುವುವು. ಎಲೆ ಎತ್ತುವ ವೇಳೆಗೆ ಪ್ರತಿಯೊಬ್ಬರೂ ತಮ್ಮ ವಿವೇಚನೆಗೆ ತೋರಿದ ಕೊಲೆಗಾರನ ಹೆಸರನ್ನು ಬರೆದುಕೊಡುವರು. ಇದು ಪರದೇಶದ ಬೆಳೆಯೆಂಬುದು ದಿಟ. ಆದರೆ ಇದಕ್ಕೆ ಬೇಕಾದ ಸಂಸ್ಕಾರವು ನಮ್ಮ ನಾಡಿನಲ್ಲಿ ಬಹುಕಾಲದಿಂದ ಸಿದ್ಧವಾಗಿದೆಯೆಂಬುದು ಈ ಲೇಖನದ ಅಭಿಪ್ರಾಯ.

ಎಡ್ಗರ್ ಅಲನ್ ಪೋ 1841ರಲ್ಲಿ ಪ್ರಕಟಿಸಿದ ಕಥೆಯಿಂದ ಪತ್ತೇದಾರಿ ಸಾಹಿತ್ಯದ ಉಗಮವನ್ನು ಎಣಿಸುವುದು ರೂಢಿ. ಅಲ್ಲಿಂದ ಸುಮಾರು ಒಂದು ಶತಮಾನದವರೆಗೆ ವಾಚಕನು ಊಹಿಸುತ್ತ ಕುಳಿತವನೇ ಹೊರತು ಕೈಹಾಕಿದವನಲ್ಲ. 1935ರಲ್ಲಿ ನ್ಯೂಯಾರ್ಕಿನ ರಂಗವನ್ನೇರಿದ ಐನ್ ರ‍್ಯಾಂಡ್ ಅವರ ನ್ಯಾಯಾಲಯದ ನಾಟಕವು ಪ್ರೇಕ್ಷಕರಲ್ಲಿಯೇ ಹನ್ನೆರಡು ಮಂದಿಯನ್ನು ಜ್ಯೂರಿಯಾಗಿ ಕೂರಿಸಿ, ಅವರ ತೀರ್ಪಿಗನುಸಾರವಾಗಿ ಮುಕ್ತಾಯವನ್ನು ಬದಲಿಸಿತು. ಮರುವರ್ಷ ಡೆನಿಸ್ ವೀಟ್ಲಿ ಕಾದಂಬರಿಗೆ ಬದಲಾಗಿ ತಂತಿ, ಛಾಯಾಚಿತ್ರ, ಕೂದಲೆಳೆ ಮೊದಲಾದ ಸಾಕ್ಷ್ಯಗಳ ಕಡತವನ್ನೇ ವಾಚಕರ ಕೈಗಿತ್ತು, ಪರಿಹಾರವನ್ನು ಮುಚ್ಚಿದ ಹಾಳೆಗಳಲ್ಲಿ ಅಡಗಿಸಿದರು. ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಆಂಥನಿ ಪ್ರ್ಯಾಟ್ ಕಲ್ಪಿಸಿದ ಕ್ಲೂಡೊ ಆಟವು 1949ರಲ್ಲಿ ಮಾರಾಟಕ್ಕೆ ಬಂದು, ಈ ಕುತೂಹಲವನ್ನು ಮನೆಮನೆಯ ಮೇಜಿಗೆ ತಂದಿತು. 1980ರಿಂದ ಬಾಸ್ಟನ್ ನಗರದಲ್ಲಿ ನಡೆದ ‘ಷಿಯರ್ ಮ್ಯಾಡ್‌ನೆಸ್’ ನಾಟಕದಲ್ಲಿ ಪ್ರೇಕ್ಷಕರು ಪಾತ್ರಗಳನ್ನೇ ಎದ್ದುನಿಂತು ಪ್ರಶ್ನಿಸುವಂತಾಯಿತು. 1870ರಲ್ಲಿ ಡಿಕನ್ಸನ ಮರಣದಿಂದ ಅಪೂರ್ಣವಾಗಿ ಉಳಿದ ಎಡ್ವಿನ್ ಡ್ರೂಡನ ಕಥೆಯಾದರೋ, 1985ರ ಸಂಗೀತನಾಟಕದಲ್ಲಿ ಸಭಿಕರ ಮತದಿಂದಲೇ ಪ್ರತಿರಾತ್ರಿಯೂ ಪೂರ್ಣಗೊಳ್ಳುತ್ತ ಬಂದಿತು.

ಇದಕ್ಕೆ ಸಮಾನಾಂತರವಾಗಿ ಅಭಿಮಾನಿಗಳ ಕೂಟವೂ ಬೆಳೆಯಿತು. 1939ರಲ್ಲಿ ನ್ಯೂಯಾರ್ಕಿನಲ್ಲಿ ನೆರೆದ ಪ್ರಥಮ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್ಮನ್ ಮತ್ತು ಅವರ ಸಂಗಾತಿ ಭವಿಷ್ಯತ್ಕಾಲದ ಉಡುಪಿನಲ್ಲಿ ಬಂದರು. ಆ ವೇಷಧಾರಣೆಯ ಹವ್ಯಾಸವನ್ನು 2012ರಿಂದ ಬೆಂಗಳೂರಿನ ಕಾಮಿಕ್ ಕಾನ್ ಉತ್ಸವದಲ್ಲಿ ನಮ್ಮ ತರುಣರೂ ತಮ್ಮದಾಗಿಸಿಕೊಂಡಿದ್ದಾರೆ. ವೇಷವೂ ಒಗಟೂ ಊಟದ ಪಂಕ್ತಿಯಲ್ಲಿ ಸಂಧಿಸಿದಾಗ ಈ ಭೋಜನಕೂಟವು ಸಿದ್ಧಿಸುತ್ತದೆ.

ಕನ್ನಡದಲ್ಲಿ ಒಗಟಿನ ಧಾರೆಯನ್ನು ಹರಿಯಿಸಿದವರು ಎಂ. ರಾಮಮೂರ್ತಿ ಮತ್ತು ಎನ್. ನರಸಿಂಹಯ್ಯನವರು. ನರಸಿಂಹಯ್ಯನವರ ಕಥಾನಾಯಕನಾದ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಸಾಮಾನ್ಯರು ಸಂಚಾರ ಪುಸ್ತಕಾಲಯಗಳಿಂದ ಬಾಡಿಗೆಗೆ ತಂದು ಓದಿದರು. ಪುಸ್ತಕ ಹಿಡಿಯುವ ಅಭ್ಯಾಸವೇ ಎಷ್ಟೋ ಮಂದಿಗೆ ಅವುಗಳಿಂದ ಬಂದಿತು. ಪಾತ್ರವಹಿಸುವ ಧಾರೆಯಾದರೋ ಇನ್ನೂ ಪುರಾತನ. ಚನ್ನಪಟ್ಟಣ ಸೀಮೆಯಲ್ಲಿಯೂ, ಹಳೆಯ ಮೈಸೂರಿನ ಇತರ ಭಾಗಗಳಲ್ಲಿಯೂ, ರೈತನೋ ವ್ಯಾಪಾರಿಯೋ ಪಾತ್ರಕ್ಕೆ ತಕ್ಕ ಹಣವನ್ನು ತಾನೇ ತೆತ್ತು, ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ತಾಲೀಮು ನಡೆಸಿ, ಬಾಡಿಗೆಯ ಸೀನರಿಯ ಮುಂದೆ ‘ಕುರುಕ್ಷೇತ್ರ’ದ ದುರ್ಯೋಧನನಾಗಿ ಇರುಳೆಲ್ಲ ಹಾಡುವುದುಂಟು. ನೋಡುವವನೇ ಹಣ ಕೊಟ್ಟು ಆಡುವವನಾಗುವ ಈ ಪದ್ಧತಿಯು ಭೋಜನಕೂಟದ ಪದ್ಧತಿಗೆ ಬಲು ಸಮೀಪವಾದುದು. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಬರೆದಿಡದ ಮಾತಿನಲ್ಲಿ ಪರಸ್ಪರ ಸವಾಲೆಸೆಯುವುದು ಈ ಕಲೆಯ ಮತ್ತೊಂದು ಅಂಗವನ್ನು ಪರಿಪಕ್ವಗೊಳಿಸಿದೆ.

ಎಚ್ಚರಿಕೆಯೊಂದು ಇಲ್ಲಿ ಅವಶ್ಯ. 1975ರಲ್ಲಿ ಜನ್ಮತಾಳಿದ ‘ಸಮುದಾಯ’ ತಂಡವು ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ, 1977ರ ಬಿಹಾರದ ಹತ್ಯಾಕಾಂಡವನ್ನು ಕುರಿತ ‘ಬೆಲ್ಚಿ’ಯನ್ನು ಬೀದಿಯಲ್ಲಿ ಆಡಿದಾಗ, ಕೊಂದವರು ಯಾರೆಂಬುದು ಗುಟ್ಟಾಗಿರಲಿಲ್ಲ, ಕಂಡ ನಾವೇನು ಮಾಡುವೆವೆಂಬುದೇ ಪ್ರಶ್ನೆಯಾಗಿದ್ದಿತು. ಸಾವು ವಿನೋದದ ವಸ್ತುವಾದಾಗಲೂ ಆ ಪ್ರಶ್ನೆಯ ಗೌರವವು ಅಳಿಯಬಾರದು. ಒಗಟು ಬಿಡಿಸುವ ಪಂಕ್ತಿಯು ಸಾಕ್ಷ್ಯವನ್ನು ತೂಗುವುದನ್ನೂ, ಅವಸರದಿಂದ ಒಬ್ಬನ ಮೇಲೆ ಬೆರಳೆತ್ತದಿರುವುದನ್ನೂ ಕಲಿಸಿದರೆ ಮಾತ್ರ ಅದು ಸಾರ್ಥಕ. ನಮ್ಮಲ್ಲಿ ತಾಲೀಮು ಮಾಡಿಸುವ ಮೇಷ್ಟ್ರೂ ಇದ್ದಾರೆ, ಆಡುವ ಉತ್ಸಾಹಿಗಳೂ ಇದ್ದಾರೆ. ನಮ್ಮ ಜಮೀನಿನ ತಗಾದೆ, ರೇಷ್ಮೆಗೂಡಿನ ವ್ಯಾಪಾರ, ಜಾತ್ರೆಯ ಸಂದಣಿಗಳಿಂದ ಸುಳಿವುಗಳನ್ನು ಹೆಣೆದು, ಊರವರೇ ಕೂಡಿ ಬಿಡಿಸಬಹುದಾದ ಒಂದು ಕೃತಿಯನ್ನು ಬರೆದುಕೊಡುವುದು ಇಂದಿನ ಕನ್ನಡ ಲೇಖಕರು ಕೈಗೊಳ್ಳತಕ್ಕ ಕಾರ್ಯ.