ಕಾನೂನು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ: ಪೋಷಕರು ತಿಳಿದಿರಬೇಕಾದ ಸಂಗತಿಗಳು

ಕನ್ನಡ ಮಾಧ್ಯಮದಲ್ಲಿ ಓದಿ, ಹನ್ನೆರಡನೆಯ ತರಗತಿಯ ಬಳಿಕ ಐದು ವರ್ಷಗಳ ಕಾನೂನು ಪದವಿಗೆ ಸೇರುವ ಗಡಿನಾಡಿನ ನಮ್ಮ ಮಕ್ಕಳು ಇಂಗ್ಲಿಷನ್ನೂ ಕಾನೂನಿನ ಪರಿಭಾಷೆಯನ್ನೂ ಒಟ್ಟಿಗೇ ಕಲಿಯಬೇಕಾಗುತ್ತದೆ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ನಿರರ್ಗಳವಾಗಿ ಮಾತನಾಡುತ್ತಿದ್ದ ಹುಡುಗಿ ಅಣಕು ನ್ಯಾಯಾಲಯದಲ್ಲಿ ತಡವರಿಸಿದಾಗ, ಅಭ್ಯಾಸದ ಕೊರತೆಯನ್ನು ಬುದ್ಧಿಯ ಕೊರತೆಯೆಂದು ಭಾವಿಸಿ ಕುಗ್ಗುವುದುಂಟು. ನೂರಾರು ಪುಟಗಳ ತೀರ್ಪುಗಳ ಓದು, ಇಂಟರ್ನ್‌ಶಿಪ್‌ಗಾಗಿ ಪೈಪೋಟಿ, ಹಾಜರಾತಿಯ ಚಿಂತೆ, ಹಾಸ್ಟೆಲಿನ ಒಂಟಿತನ ಇವು ಆ ಭಾರವನ್ನು ಹೆಚ್ಚಿಸುತ್ತವೆ.

ಗಮನಿಸಬೇಕಾದ ಲಕ್ಷಣಗಳು

ಪರೀಕ್ಷೆ ಮುಗಿದೊಡನೆ ಇಳಿಯುವ ಆತಂಕ ಸಹಜ. ಆದರೆ ನಿದ್ರೆ, ಊಟ, ಓದು, ಗೆಳೆತನಗಳಲ್ಲಿ ಆಸಕ್ತಿ ಕುಂದಿ ಎರಡು ವಾರಗಳಾದರೂ ಚೇತರಿಕೆ ಕಾಣದಿದ್ದರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು. ಮಗುವನ್ನು ಒಂಟಿಯಾಗಿ ಬಿಡಬಾರದು.

ಸನ್ನದಿನ ಭಯ

ಚಿಕಿತ್ಸೆ ಪಡೆದರೆ ಮುಂದೆ ವಕೀಲಿಕೆಯ ಸನ್ನದು ದೊರೆಯದೆಂಬ ಭಯದಿಂದ ಎಷ್ಟೋ ವಿದ್ಯಾರ್ಥಿಗಳು ಮೌನವಾಗಿರುತ್ತಾರೆ. 1961ರ ವಕೀಲರ ಕಾಯಿದೆಯ ಸೆಕ್ಷನ್ 24ಎ ನೋಂದಣಿಗೆ ಅನರ್ಹತೆಗಳನ್ನು ಹೆಸರಿಸುತ್ತದೆ. ನೈತಿಕ ಅಧಃಪತನದ ಅಪರಾಧ, ಅಸ್ಪೃಶ್ಯತಾ ಆಚರಣೆಯ ಅಪರಾಧ, ನೈತಿಕ ಅಧಃಪತನದ ಆರೋಪದ ಮೇಲೆ ಸರ್ಕಾರಿ ಸೇವೆಯಿಂದ ವಜಾ ಇವು ಅಲ್ಲಿವೆ. ಆಪ್ತಸಮಾಲೋಚನೆಯಾಗಲಿ ಖಿನ್ನತೆಯ ಔಷಧವಾಗಲಿ ಆ ಪಟ್ಟಿಯಲ್ಲಿಲ್ಲ.

ಹಕ್ಕುಗಳು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಸೆಕ್ಷನ್ 18 ಪ್ರತಿಯೊಬ್ಬರಿಗೂ ಚಿಕಿತ್ಸೆಯ ಹಕ್ಕನ್ನೂ, ಸೆಕ್ಷನ್ 23 ಗೋಪ್ಯತೆಯ ಹಕ್ಕನ್ನೂ ನೀಡಿವೆ. 2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು ದೇಶದ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ನೀಡಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರು ಇರಬೇಕೆಂದಿತು. ಪ್ರವೇಶದ ದಿನವೇ ಪೋಷಕರು ಈ ವ್ಯವಸ್ಥೆಯ ಕುರಿತು ವಿಚಾರಿಸಬಹುದು.

ಕನ್ನಡದಲ್ಲಿ ನೆರವು

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತ, ಹಗಲಿರುಳೂ ಲಭ್ಯ. ಆಯ್ದುಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಇದೆ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ವಾದಿಸಲು ಕಲಿತ ಮಗುವಿಗೂ ದುಃಖವನ್ನು ಹೇಳಿಕೊಳ್ಳಲು ತಾಯ್ನುಡಿಯೇ ಹತ್ತಿರವಾದೀತು. ಆದುದರಿಂದ ವಾರದ ಫೋನ್ ಕರೆಯಲ್ಲಿ ಅಂಕಗಳ ವಿಚಾರಕ್ಕೆ ಮುನ್ನ, ರಾತ್ರಿ ನಿದ್ರೆ ಬಂತೇ, ಯಾರೊಡನೆ ಊಟ ಮಾಡಿದೆ ಎಂದು ಕೇಳೋಣ.