ಚಿತ್ರದುರ್ಗ ಸೀಮೆಯ ನೀರಿನ ದಡಗಳು: ಚರಿತ್ರೆ, ಪರಂಪರೆ

ಕಡಲಿನಿಂದ ದೂರವಿರುವ ಚಿತ್ರದುರ್ಗ ಸೀಮೆಗೆ ದಡ ಎಂದರೆ ಹೊಂಡ, ಕೆರೆ ಮತ್ತು ವೇದಾವತಿ ಹೊಳೆಯ ದಡವೇ. ಮಳೆ ಕಡಿಮೆಯಾದ ಈ ಬಯಲುನಾಡಿನಲ್ಲಿ ಆಳಿದವರ ಹೆಸರು ಗೆದ್ದ ಕೋಟೆಗಳಷ್ಟೇ ಕಟ್ಟಿಸಿದ ಕೆರೆಗಳ ಮೇಲೂ ನಿಂತಿದೆ.

ಇದಕ್ಕೆ ಮೊದಲ ಲಿಖಿತ ಸಾಕ್ಷ್ಯ ಚಂದ್ರವಳ್ಳಿಯಲ್ಲಿದೆ. ಅಲ್ಲಿನ ಬಂಡೆಯ ಮೇಲಿನ ಪ್ರಾಕೃತ ಶಾಸನ ಕದಂಬ ಮಯೂರಶರ್ಮನದು, 4ನೆಯ ಶತಮಾನದ್ದು; ಅವನು ಮಾಡಿಸಿದ ಕೆರೆಯ ಕೆಲಸವನ್ನು ಅದು ದಾಖಲಿಸುತ್ತದೆ. ಅದರಲ್ಲಿ ಬರುವ ರಾಜ್ಯಗಳ ಹೆಸರುಗಳನ್ನು ಓದುವುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಆದರೆ ಕನ್ನಡ ನಾಡಿನ ಮೊದಲ ಅರಸುಮನೆತನದ ಮೂಲಪುರುಷ ಇಲ್ಲಿ ನೆನಪಾಗುವುದು ಕೆರೆಯ ಕೆಲಸದಿಂದ ಎಂಬುದೇ ಮುಖ್ಯ. ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ಉತ್ಖನನ ನಡೆಸಿದರು. ಸಿಕ್ಕ ರೋಮನ್ ನಾಣ್ಯಗಳು, ಕಡಲಾಚೆಯ ವ್ಯಾಪಾರ ಈ ಒಳನಾಡಿಗೂ ಮುಟ್ಟಿತ್ತು ಎಂದು ತೋರಿಸಿಕೊಟ್ಟವು.

ಚಿತ್ರದುರ್ಗವನ್ನು ಆಳಿದ ನಾಯಕರ ಕಾಲಕ್ಕೆ ನೀರು ಹಿಡಿದಿಡುವ ಈ ಜಾಣ್ಮೆ ಬೆಟ್ಟದ ಮೇಲೇರಿತು. ಏಳು ಸುತ್ತಿನ ಕೋಟೆಯ ಮೇಲುಭಾಗದ ಬಂಡೆಗಳಿಂದ ಇಳಿಯುವ ಮಳೆನೀರು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಹರಿಯುತ್ತದೆ. ಒಂದರ ಕೋಡಿಯೇ ಇನ್ನೊಂದರ ಒಳಹರಿವು. ಮುತ್ತಿಗೆಯ ದಿನಗಳಲ್ಲಿ ಕೋಟೆಯನ್ನು ಕಾಯ್ದವರಿಗೆ ಬುರುಜುಗಳಷ್ಟೇ ಈ ಹೊಂಡಗಳೂ ಆಸರೆಯಾಗಿದ್ದವು. 1779ರಲ್ಲಿ ಹೈದರಾಲಿಗೆ ಕೋಟೆ ಒಲಿದು ನಾಯಕರ ಆಳ್ವಿಕೆ ಮುಗಿಯಿತು, ಹೊಂಡಗಳು ಉಳಿದವು. ಭರಮಸಾಗರದ ಕೆರೆ ಬಿಚ್ಚುಗತ್ತಿ ಭರಮಣ್ಣ ನಾಯಕನ ಹೆಸರನ್ನು ಇಂದಿಗೂ ಹೊತ್ತಿದೆ.

ಸೀಮೆಯ ಅತಿ ದೊಡ್ಡ ದಡ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯದು. ಎರಡು ಗುಡ್ಡಗಳು ಹತ್ತಿರ ಬರುವ ಕಡೆ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1898ರಲ್ಲಿ ಅಣೆಕಟ್ಟೆಯ ಕೆಲಸ ಆರಂಭಿಸಿ 1907ರಲ್ಲಿ ಮುಗಿಸಿತು. ಕೆಲಸ ಆರಂಭವಾದಾಗ ಆಡಳಿತ ನಡೆಸುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಪೂರ್ಣಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿಎಂಸಿ. ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೆ ಚಾಚಿದೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಅಷ್ಟರಲ್ಲಿ ಅಜ್ಜಂಪುರದ ಸುರಂಗ ದಾಟಿ ಭದ್ರೆಯ ನೀರೂ ಇಲ್ಲಿಗೆ ಬರತೊಡಗಿತ್ತು. ಎರಡು ಮೂರು ತಲೆಮಾರು ಬರೀ ಕೇಳಿದ್ದನ್ನು ಕಣ್ಣಾರೆ ನೋಡಲು ಜನ ಕಣಿವೆಗೆ ಹರಿದುಬಂದರು.

ನೀರಿನ ಜೊತೆಗೇ ಆಚರಣೆಗಳೂ ಬೆಳೆದಿವೆ. ಜಾತ್ರೆಗೆ ಮೊದಲು ಊರದೇವರನ್ನು ಉರುಮೆಯ ಸದ್ದಿನೊಡನೆ ಹೊಳೆಗೆ ಕರೆದೊಯ್ದು, ಮೂರ್ತಿ ತೊಳೆದು, ಕಳಸಕ್ಕೆ ಹೊಸ ನೀರು ತುಂಬಿ ಗಂಗಾಪೂಜೆ ಮಾಡುತ್ತಾರೆ. ಕಣಿವೆ ಮಾರಮ್ಮನ ಗುಡಿ ಅಣೆಕಟ್ಟೆಯ ಬಳಿಯೇ ಇದೆ. ವೇದಾವತಿಯ ದಡದ ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ಗುಡಿಯಿದ್ದು, ಅದರ ಮಂಟಪದ ಒಳಮಾಳಿಗೆಯ ವರ್ಣಚಿತ್ರಗಳು ಜಿಲ್ಲೆಯ ದೊಡ್ಡ ಆಸ್ತಿ. ಅವುಗಳ ರಕ್ಷಣೆಗೆ ಇನ್ನೂ ಹೆಚ್ಚಿನ ಗಮನ ಬೇಕು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಭಕ್ತರು ಕೊಳದ ಮುಂದೆ ಕುಳಿತು ಗಂಗೆಯನ್ನು ಬೇಡಿ, ನೀರಿನಿಂದ ಮೇಲೆ ಬಂದದ್ದನ್ನು ಪ್ರಸಾದವೆಂದು ಸ್ವೀಕರಿಸುತ್ತಾರೆ. ಹೊಳಲ್ಕೆರೆಯ ಗಣಪತಿಗೆ ಗುಡಿಯ ಚಾವಣಿಯಿಲ್ಲ; ಬಯಲಲ್ಲೇ ಕುಳಿತ ಆ ದೊಡ್ಡ ಮೂರ್ತಿಗೆ ಮಳೆಯೂ ಬಿಸಿಲೂ ನೇರವಾಗಿ ಬೀಳುತ್ತವೆ.