ನೆತ್ತರಿನಿಂದಲ್ಲ, ಕಲಿಕೆಯಿಂದ



ಪರದೇಶದಲ್ಲಿರುವ ನನ್ನ ಮೊಮ್ಮಗಳು ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ, ತಾನು ಆಫ್ರಿಕನ್ ನೃತ್ಯದ ಉನ್ನತ ತರಗತಿಗೆ ಸೇರಿರುವುದಾಗಿ ತಿಳಿಸಿದಳು. ಬಾಲ್ಯದಲ್ಲಿ ಭರತನಾಟ್ಯವನ್ನು ಅಭ್ಯಾಸ ಮಾಡಿದವಳು ಅವಳು, ತಾಳವೆಂದರೇನೆಂದು ಬಲ್ಲವಳು. ಆದರೂ ದಣಿದ ದನಿಯಲ್ಲಿ, "ಅಜ್ಜಾ, ಎರಡು ವರ್ಷ ಕಲಿತ ಮ್ಯಾಲೆ ಈಗ ಮತ್ತ ನಡಿಯೂದು ಕಲೀಲಿಕ್ಕತ್ತೇನಿ. ಕಾಲು ಒಂದು ಲೆಕ್ಕ ಹಾಕತದ, ಭುಜ ಇನ್ನೊಂದು ಲೆಕ್ಕ ಹಾಕತದ, ನಾ ನಡುವ ನಿಂತು ಎರಡನ್ನೂ ಕೇಳಬೇಕು," ಎಂದಳು. ಬಳಿಕ, "ನಮ್ಮ ಕಡೆ ಇಂಥಾದ್ದು ಬಲ್ಲವರು ಯಾರರೆ ಇದ್ದಾರೇನು?" ಎಂದು ಕೇಳಿದಳು.

ಇದ್ದಾರೆ. ಹುಬ್ಬಳ್ಳಿಯಿಂದ ಅಂಕೋಲೆಯ ರಸ್ತೆ ಹಿಡಿದು ಕಲಘಟಗಿಯನ್ನು ದಾಟಿದರೆ, ಧಾರವಾಡದಿಂದ ಹಳಿಯಾಳದ ಕಡೆಗೆ ಹೊರಳಿದರೆ, ಕಾಡಿನ ಅಂಚಿನಲ್ಲಿಯೇ ಅವರ ಮನೆಗಳು ಸಿಗುತ್ತವೆ. ಅವರು ಸಿದ್ದಿಯರು. ಈ ಉತ್ತರವನ್ನು ಮೊಮ್ಮಗಳಿಗೆ ಹೇಳುವಾಗ, ಐದು ದಶಕಗಳಿಂದ ನನ್ನ ಮನಸ್ಸಿನಲ್ಲಿ ಉಳಿದ ಒಂದು ಮಾತು ಮೇಲೆದ್ದು ಬಂದಿತು. ಅದನ್ನು ನಿಮ್ಮೆಲ್ಲರ ಮುಂದೆ ಹೇಳಿಕೊಳ್ಳುವುದು ನನ್ನ ಋಣವೆಂದು ತಿಳಿದಿದ್ದೇನೆ.

1974ನೆಯ ಇಸವಿ. ನಾನಾಗ ನಮ್ಮ ಜಿಲ್ಲೆಯ ಪಶ್ಚಿಮದಂಚಿನ ಒಂದು ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸುತ್ತಿದ್ದೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಸಿದ್ದಿ ಹುಡುಗನಿದ್ದ. ಕೊನೆಯ ಬೆಂಚು, ಮಿತಮಾತು. ಆ ವರ್ಷದ ಗ್ಯಾದರಿಂಗಿನಲ್ಲಿ ಅವನೂ ಅವನ ಓಣಿಯ ಮೂವರು ಹುಡುಗರೂ ಡಮಾಮಿ ಕುಣಿತವನ್ನು ಪ್ರದರ್ಶಿಸಿದರು. ಸಭೆ ಚಪ್ಪಾಳೆಯಿಂದ ತುಂಬಿತು. ನಿರೂಪಕನಾಗಿದ್ದ ನಾನು ಮೆಚ್ಚುಗೆಯಿಂದಲೇ, "ಇದು ಇವರ ರಕ್ತದಲ್ಲಿಯೇ ಇದೆ, ಇವರಿಗೆ ಕಲಿಸಬೇಕಾದ ಅಗತ್ಯವಿಲ್ಲ" ಎಂದೆ. ಸಭೆ ನಕ್ಕಿತು. ಮರುದಿನ ಆ ಹುಡುಗ ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತು, ನೆಲವನ್ನು ನೋಡುತ್ತ ಹೇಳಿದ: "ಸರ್, ಅದು ರಕ್ತದಾಗ ಬಂದಿಲ್ರೀ. ನಮ್ಮ ಮುತ್ಯಾ ಕೈಮ್ಯಾಲೆ ಹೊಡದು ಹೊಡದು ಕಲಿಸ್ಯಾನ್ರೀ."

ನಾನು ನಕ್ಕು ಅವನ ಬೆನ್ನು ತಟ್ಟಿ ಕಳುಹಿಸಿದೆ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ.

ಇತಿಹಾಸದ ಶಿಕ್ಷಕನಾದ ನನ್ನ ಅಜ್ಞಾನಕ್ಕೆ ಕ್ಷಮೆಯಿಲ್ಲ. ಅದೇ ವರ್ಷ ಅದೇ ತರಗತಿಯಲ್ಲಿ ನಾನು ಮಲಿಕ್ ಅಂಬರನ ಪಾಠವನ್ನು ಮಾಡಿದ್ದೆ. ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖ್ಖನಿಗೆ ಬಂದು, ಅಹಮದನಗರ ರಾಜ್ಯದ ಸೂತ್ರಗಳನ್ನು ಹಿಡಿದು, ಮೊಗಲರ ಸೈನ್ಯಗಳನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಎದುರಿಸಿ 1626ರಲ್ಲಿ ತೀರಿಕೊಂಡವನು ಅವನು. ನಮ್ಮ ವಿಜಯಪುರದ ಆದಿಲಶಾಹಿ ದರಬಾರಿನಲ್ಲಿಯೂ ಇಖ್ಲಾಸ್ ಖಾನನಂಥ ಹಬಶಿ ಮಂತ್ರಿಗಳಿದ್ದರು. ಇವೆಲ್ಲವನ್ನೂ ಕಪ್ಪು ಹಲಗೆಯ ಮೇಲೆ ಇಸವಿಗಳ ಸಹಿತ ಬರೆದ ನನಗೆ, ಕೊನೆಯ ಬೆಂಚಿನಲ್ಲಿ ಕುಳಿತವನಿಗೂ ಈ ಪಾಠಕ್ಕೂ ಇದ್ದ ನಂಟು ಹೊಳೆಯಲೇ ಇಲ್ಲ.

ಸಿದ್ದಿಯರ ಕಥೆ ಮಲಿಕ್ ಅಂಬರನಂತೆ ರಾಜವೈಭವದ್ದಲ್ಲ. 1510ರಲ್ಲಿ ಗೋವೆಯನ್ನು ಗೆದ್ದುಕೊಂಡ ಪೋರ್ಚುಗೀಜರು ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕದ ತೀರಗಳಿಂದ ಜನರನ್ನು ಹಿಡಿದು ತಂದು ಮಾರುತ್ತಿದ್ದರು. ಅರಬ್ ವರ್ತಕರೂ ಈ ವ್ಯಾಪಾರದಲ್ಲಿದ್ದರು. 1583ರಿಂದ 1588ರವರೆಗೆ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟನ್, ಅಲ್ಲಿಯ ಬೀದಿಯಲ್ಲಿ ಸರಕುಗಳ ಜೊತೆಗೆ ಮನುಷ್ಯರೂ ಹರಾಜಾಗುತ್ತಿದ್ದುದನ್ನು ದಾಖಲಿಸಿದ್ದಾನೆ. ತಪ್ಪಿಸಿಕೊಂಡವರಿಗೆ ಘಟ್ಟದ ದಟ್ಟ ಕಾಡೇ ಆಸರೆಯಾಯಿತು. ಪೋರ್ಚುಗಲ್ ಗುಲಾಮರ ಸಾಗಾಣಿಕೆಯನ್ನು ನಿಷೇಧಿಸಿದ್ದು 1836ರಲ್ಲಿ. ಈ ಕಡೆಯ ಕಂಪನಿ ಸರಕಾರ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ್ದು 1843ರಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಯ ಕಾಡುಗಳಲ್ಲಿ, ನಮ್ಮ ಕಲಘಟಗಿಯ ಸೆರಗಿನಲ್ಲಿ ಅವರು ನೆಲೆನಿಂತರು. ಕೆಲವರು ಹಿಂದೂಗಳಾಗಿ, ಕೆಲವರು ಮುಸಲ್ಮಾನರಾಗಿ, ಕೆಲವರು ಕ್ರೈಸ್ತರಾಗಿ ಉಳಿದರು. ಮೂಲ ಭಾಷೆಗಳು ಅಳಿದವು. ಕೊಂಕಣಿ, ಕನ್ನಡ, ಉರ್ದು ನಾಲಗೆಗೆ ಬಂದವು. 2011ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಪ್ರಕಟಿಸಿದ ಅನುವಂಶೀಯ ಅಧ್ಯಯನವು, ಸಿದ್ದಿಯರಲ್ಲಿ ಆಫ್ರಿಕದ ಬಂಟು ಜನರ ವಂಶವಾಹಿನಿಯೂ ಭಾರತೀಯರದೂ ಬೆರೆತಿರುವುದನ್ನು ತೋರಿಸಿತು.

ಹಾಗಾದರೆ ನೃತ್ಯವೂ ವಂಶವಾಹಿನಿಯಲ್ಲಿಯೇ ಬಂದಿತೇ? ಇಲ್ಲಿಯೇ ನನ್ನ ಹಳೆಯ ತಪ್ಪಿನ ಬೇರು ಇದೆ.

ಡಮಾಮಿಯನ್ನು ಕಣ್ಣಿಟ್ಟು ನೋಡಿರಿ. ಡಮಾಮ್ ಎಂಬುದು ಎರಡು ಮುಖದ ಚರ್ಮವಾದ್ಯ. ಅದರ ಹೆಸರೇ ಪಾರಸಿಯ ದಮಾಮ ಎಂಬ ನಗಾರಿಯ ಹೆಸರನ್ನು ನೆನಪಿಸುತ್ತದೆ. ಸಿದ್ದಿ ಹೆಣ್ಣುಮಕ್ಕಳ ಫುಗಡಿ ಎಂಬ ಕುಣಿತದ ಹೆಸರು ಗೋವೆ, ಕೊಂಕಣದ ಹೆಂಗಳೆಯರಲ್ಲಿಯೂ ಉಂಟು. ಅವರ ಗುಮಟೆ ಕರಾವಳಿಯ ಹಾಲಕ್ಕಿ ಒಕ್ಕಲಿಗರಲ್ಲಿಯೂ ಗೋವೆಯ ಕ್ರೈಸ್ತರಲ್ಲಿಯೂ ಇದೆ. ಹಾಡುಗಳಲ್ಲಿ ಕೊಂಕಣಿ ಕನ್ನಡಗಳ ಬೆರಕೆ. ರಕ್ತದಿಂದಲೇ ಬಂದ ಕಲೆಯಾಗಿದ್ದರೆ ಇಷ್ಟೊಂದು ನೆರೆಹೊರೆಯ ವಸ್ತುಗಳು ಅದರೊಳಗೆ ಸೇರುತ್ತಿದ್ದವೇ? ನೆರೆಯವರಿಂದ ಪಡೆದುದನ್ನು ತಮ್ಮದಾಗಿ ಮಾಡಿಕೊಂಡು, ತಲೆಮಾರಿನಿಂದ ತಲೆಮಾರಿಗೆ ತಿದ್ದಿ ತೀಡಿ ಒಪ್ಪಿಸಿದವರ ಕೆಲಸ ಇದು. ಗುಜರಾತಿನ ಸಿದ್ದಿಯರು ತಮ್ಮ ಕುಣಿತವನ್ನು ಗೋಮಾ ಎನ್ನುತ್ತಾರೆ. ಸ್ವಾಹಿಲಿಯ ಙೋಮಾ ಎಂಬ ಶಬ್ದದಿಂದ ಬಂದುದು ಅದು. ಆ ಒಂದೇ ಶಬ್ದಕ್ಕೆ ಡೋಲು, ಕುಣಿತ, ಕೂಟ ಎಂಬ ಮೂರೂ ಅರ್ಥಗಳಿವೆ. ಬಾರಿಸುವವನು, ಕುಣಿಯುವವನು, ಸುತ್ತ ನಿಂತು ಮರುದನಿ ಕೊಡುವವನು ಬೇರೆ ಬೇರೆ ಅಲ್ಲವೆಂಬ ತಿಳಿವಳಿಕೆಯೇ ಅದರಲ್ಲಿದೆ. ನಮ್ಮ ಕಾಡಿನ ಡಮಾಮಿಯಲ್ಲಿಯೂ ಒಬ್ಬರು ಹಾಡಿದ ಸಾಲಿಗೆ ಗುಂಪು ಉತ್ತರ ಕೊಡುತ್ತದೆ.

ಮೊಮ್ಮಗಳು ಕಲಿಯುತ್ತಿರುವುದೂ ಇಂಥದೇ ಶಿಸ್ತು. ಆಫ್ರಿಕನ್ ನೃತ್ಯವೆಂಬ ಒಂದೇ ವಸ್ತುವಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಐವತ್ತಕ್ಕೂ ಹೆಚ್ಚು ದೇಶಗಳ ಖಂಡ ಅದು. ಸೆನೆಗಲ್ಲಿನ ಸಬಾರ್ ಬೇರೆ, ಮೊಜಾಂಬಿಕಿನ ಮಕೊಂಡೆ ಜನರ ಮುಖವಾಡದ ಮಾಪಿಕೊ ಬೇರೆ. ಆದರೂ ಹಲವು ಪರಂಪರೆಗಳಲ್ಲಿ ಕೆಲವು ಸಮಾನ ನಿಯಮಗಳು ಕಾಣುತ್ತವೆ. ಮೊಣಕಾಲು ಸಡಿಲವಾಗಿ ಬಾಗಿರಬೇಕು. ದೇಹದ ಭಾರ ಭೂಮಿಯ ಕಡೆಗೆ ಇಳಿದಿರಬೇಕು. ಎದೆ, ಭುಜ, ಸೊಂಟ ಒಂದೊಂದೂ ತನ್ನದೇ ಕೇಂದ್ರವಾಗಿ ಚಲಿಸಬೇಕು. ಒಂದು ಡೋಲು ಮೂರರ ಲೆಕ್ಕದಲ್ಲಿ ಹೋಗುತ್ತಿರುವಾಗ ಇನ್ನೊಂದು ಎರಡರ ಲೆಕ್ಕದಲ್ಲಿ ಹೋಗುತ್ತದೆ. ನರ್ತಕಿ ಎರಡನ್ನೂ ಮೈಯಲ್ಲಿ ಹೊರಬೇಕು. ಆರಂಭದ ತರಗತಿಯಲ್ಲಿ ಹೆಜ್ಜೆಗಳನ್ನು ಕಲಿಸುತ್ತಾರೆ. ಉನ್ನತ ತರಗತಿಯಲ್ಲಿ ಕಲಿಯಬೇಕಾದದ್ದು ಕೇಳುವಿಕೆ: ಡೋಲಿನವನ ಸೂಚನೆಯನ್ನು ಕ್ಷಣಮಾತ್ರದಲ್ಲಿ ಗ್ರಹಿಸಿ ಉತ್ತರಿಸುವುದು, ಬಾರಿಸದೆ ಬಿಟ್ಟ ಪೆಟ್ಟನ್ನೂ ಲೆಕ್ಕಕ್ಕೆ ಹಿಡಿಯುವುದು. ಧಾರವಾಡದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮಲ್ಲಿಕಾರ್ಜುನ ಮನ್ಸೂರರ ಗಾಯನದಲ್ಲಿ ಲಯದೊಡನೆ ಆಟವಾಡಿ ಸರಿಯಾಗಿ ಸಮ್‌ಗೆ ಬಂದು ಕೂಡುವ ಸೊಗಸನ್ನು ಕೇಳಿ ತಲೆದೂಗಿದವರು ನಾವು. ಅದನ್ನು ನಾವು ಸಾಧನೆಯೆಂದೆವು. ಡಮಾಮಿಯನ್ನು ಮಾತ್ರ ಹುಟ್ಟುಗುಣವೆಂದೆವು.

ಈ ಭೇದವನ್ನು ಜಗತ್ತಿನ ಬೇರೆಡೆಗಳಲ್ಲಿ ಕೆಲವರು ಬಹಳ ಹಿಂದೆಯೇ ಪ್ರಶ್ನಿಸಿದ್ದರು. ಅಮೆರಿಕೆಯ ಕ್ಯಾಥರಿನ್ ಡನ್‌ಹ್ಯಾಮ್ ಮಾನವಶಾಸ್ತ್ರದ ವಿದ್ಯಾರ್ಥಿನಿಯಾಗಿ 1935ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಗಿ, ಆಫ್ರಿಕ ಮೂಲದವರ ಕುಣಿತಗಳನ್ನು ಅಭ್ಯಸಿಸಿ, ಮುಂದೆ ಅವುಗಳಿಂದ ಕ್ರಮಬದ್ಧವಾದ ಪಾಠಪದ್ಧತಿಯನ್ನೇ ರೂಪಿಸಿದರು. ಸೆನೆಗಲ್ಲಿನ ಜೆರ್ಮೇನ್ ಅಕೋನ್ಯಿ 1977ರಲ್ಲಿ ಡಕಾರಿನಲ್ಲಿ ಆರಂಭವಾದ ಮುದ್ರಾ ಆಫ್ರಿಕ್ ಶಾಲೆಯನ್ನು ನಡೆಸಿದರು. ನಮ್ಮ 'ಮುದ್ರಾ' ಎಂಬ ಶಬ್ದವೇ ಆ ಶಾಲೆಯ ಹೆಸರಿನಲ್ಲಿದ್ದುದು ನನಗೆ ಸಂತೋಷದ ಸಂಗತಿ. ಮುಂದೆ ಅವರು ತೂಬಾಬ್ ದಿಯಾಲೊ ಎಂಬ ಕಡಲತೀರದ ಹಳ್ಳಿಯಲ್ಲಿ 'ಮರಳಿನ ಶಾಲೆ'ಯನ್ನು ಕಟ್ಟಿದರು. ಬೆನ್ನೆಲುಬನ್ನು ಜೀವವೃಕ್ಷವೆಂದು ಭಾವಿಸಿ ಅಲ್ಲಿಂದ ಚಲನೆಯನ್ನು ಆರಂಭಿಸುವುದು ಅವರ ಪದ್ಧತಿ. ವರುಷಗಟ್ಟಲೆ ಬೆವರು ಸುರಿಸದೆ ಇದು ಯಾವ ವರ್ಣದವರಿಗೂ ಒಲಿಯುವುದಿಲ್ಲ.

'ರಕ್ತದಲ್ಲಿದೆ' ಎಂಬ ಹೊಗಳಿಕೆ ನೋಡಲಿಕ್ಕೆ ಸುಂದರ. ಅದರ ಫಲ ಮಾತ್ರ ಕಹಿ. 1987ರ ಸುಮಾರಿಗೆ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿ ತರಬೇತುಗೊಳಿಸುವ ಯೋಜನೆಯನ್ನು ಕೈಗೊಂಡಿತು. ಒಳ್ಳೆಯ ಆಟಗಾರರು ಹೊರಬಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮೈಯ ಬಲ ಹುಟ್ಟಿನಿಂದಲೇ ಬಂದದ್ದೆಂದು ನಂಬಿದವರಿಗೆ, ಆ ಮಕ್ಕಳ ಓದು, ಊಟ, ಉದ್ಯೋಗಗಳ ದೀರ್ಘ ಹೊಣೆ ನೆನಪಾಗುವುದು ತಡವಾಗಿಯೇ. ಉತ್ಸವಗಳ ಮೆರವಣಿಗೆಯಲ್ಲಿಯೂ ಹಾಗೆಯೇ. ಸೊಪ್ಪು ಉಟ್ಟು, ಮೈಗೆ ಬಣ್ಣ ಬಳಿದುಕೊಂಡು ಬಂದ ಸಿದ್ದಿ ತಂಡವನ್ನು ಕಂಡು ನಾವು ಚಪ್ಪಾಳೆ ತಟ್ಟುತ್ತೇವೆ. ಡಮಾಮಿನ ಮುಂದೆ ಕುಳಿತ ಹಿರಿಯರ ಬೆರಳುಗಳನ್ನು ಗಮನಿಸುವವರು ಎಷ್ಟು ಮಂದಿ?

ಬೇರೆ ರೀತಿ ಕಂಡವರೂ ಇದ್ದರು. ಟಿ. ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಯರನ್ನು ಕುರಿತು 1976ರಲ್ಲಿಯೇ ಒಂದು ಗ್ರಂಥವನ್ನು ಪ್ರಕಟಿಸಿದರು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಬಳಗದ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲೂಕಿನ ಮಂಚಿಕೇರಿಗೆ ಹೋಗಿ, ನೈಜೀರಿಯಾದ ಚಿನುವಾ ಅಚಿಬೆಯವರ ಕಾದಂಬರಿಯನ್ನು ಆಧರಿಸಿದ 'ಕಪ್ಪು ಜನ ಕೆಂಪು ನೆರಳು' ನಾಟಕವನ್ನು ಸಿದ್ದಿಯರಿಂದಲೇ ಆಡಿಸಿದರು. ತಾಲೀಮು ಮಾಡಿಸುವುದೆಂದರೆ, ಎದುರಿಗಿರುವವನು ಕಲಿಯಬಲ್ಲವನೆಂದು ನಂಬುವುದು. ಗಿರಿಜಾ ಸಿದ್ದಿ, ಪರಶುರಾಮ ಸಿದ್ದಿಯಂಥ ತರಬೇತಾದ ಕಲಾವಿದರು ಮುಂದೆ ರಂಗಭೂಮಿಗೆ ಬಂದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ನಮ್ಮ ಧಾರವಾಡ ಹಾಗೂ ಬೆಳಗಾವಿ ಜಿಲ್ಲೆಗಳ ಸಿದ್ದಿಯರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾಗಿ ನಾಮಕರಣಗೊಂಡರು. 1974ರಲ್ಲಿ ಶಾಲೆ ಬಿಟ್ಟ ಹುಡುಗನಿಗೆ ಆಗ ಅರವತ್ತು ದಾಟಿತ್ತೆಂಬ ಲೆಕ್ಕವನ್ನು ಆ ದಿನ ಪತ್ರಿಕೆಯನ್ನು ಓದುತ್ತ ಹಾಕಿದ್ದೆ.

ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟೇ. ಮುಂದಿನ ಸಲ ಊರಿಗೆ ಬಂದಾಗ ನಾವಿಬ್ಬರೂ ಯಲ್ಲಾಪುರದ ಕಡೆಗೆ ಹೋಗೋಣ. ಕ್ಯಾಮೆರಾ ಹಿಡಿದು ನೋಡಲಿಕ್ಕಲ್ಲ; ಡಮಾಮ್ ಬಾರಿಸುವ ಹಿರಿಯರ ಮುಂದೆ ಕುಳಿತು, ಅವರು ಒಪ್ಪಿದರೆ, ಒಂದು ಪೆಟ್ಟನ್ನು ಕಲಿಯಲಿಕ್ಕೆ. ಗುರುದಕ್ಷಿಣೆಯನ್ನು ಕೊಟ್ಟೇ ಕಲಿಯಬೇಕು. ನಿನ್ನ ಅಲ್ಲಿಯ ತರಗತಿಗೆ ಶುಲ್ಕ ಕೊಡುವುದಿಲ್ಲವೇ, ಹಾಗೆ.

ಆ ವರ್ಷದ ತರಗತಿಯಲ್ಲಿದ್ದ ನೀವು ಕೆಲವರು ಇದನ್ನು ಓದುತ್ತೀರಿ. ಆ ಸಹಪಾಠಿಯ ಸುದ್ದಿ ನಿಮಗೆ ತಿಳಿದಿದ್ದರೆ, ನಾನು ಕೇಳಿದೆನೆಂದು ಹೇಳಿರಿ. ಅವನ ಹೆಸರನ್ನು ಇಲ್ಲಿ ಬರೆಯಲಾರೆ, ನಿಮಗೆ ಗೊತ್ತಿದೆ. ಅವನು ಹೇಳಿದ್ದೇ ಸರಿಯಿತ್ತು, ಮಾಸ್ತರರಿಗೆ ಅದು ತಿಳಿಯಲು ಐವತ್ತು ವರ್ಷ ಹಿಡಿಯಿತು ಎಂದು ತಿಳಿಸಿರಿ.